ಗಂಟೆಗೆ 120 ಉಲ್ಕೆ ಅಂದರು, ನಮಗೆ ಕಂಡಿದ್ದು ಮೂರೇ

ಪ್ರಶ್ನೆ: ನಮ್ಮದು ಅಫಜಲಪುರ ತಾಲ್ಲೂಕಿನ ಹಳ್ಳಿ, ಭೀಮಾ ನದಿಯಿಂದ ಸ್ವಲ್ಪ ದೂರ. ಹೋದ ಡಿಸೆಂಬರ್ 14ರ ರಾತ್ರಿ ಗಂಟೆಗೆ 120 ಉಲ್ಕೆ ಬೀಳುತ್ತವೆ ಎಂದು ಸುದ್ದಿಯಲ್ಲಿ ಓದಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಮಾಳಿಗೆ ಹತ್ತಿದ್ದೆ. ಒಂಬತ್ತರಿಂದ ಹತ್ತರವರೆಗೆ ಕೂತೆವು. ಕಂಡಿದ್ದು ಮೂರೇ ಮೂರು. ಅದರಲ್ಲಿ ಒಂದು ಮಾತ್ರ ಮೂಡಣದಿಂದ ಪಡುವಣದವರೆಗೆ ಉದ್ದಕ್ಕೆ ಹೋಯಿತು. ಮಕ್ಕಳು ಬೇಜಾರಾಗಿ ಮಲಗಿದರು. ನಾವು ಎಲ್ಲಿ ತಪ್ಪಿದೆವು? ದುರ್ಬೀನು ಬೇಕಾ? ದೂರ ಎಲ್ಲಿಗಾದರೂ ಹೋಗಬೇಕಾ? ನಮ್ಮ ಅತ್ತೆಯವರು ಚಿಕ್ಕಿ ಬೀಳುವುದನ್ನು ನೋಡಬಾರದು, ಚಿಕ್ಕಿ ಬಿದ್ದರೆ ಯಾರೋ ತೀರಿಕೊಂಡಂತೆ ಅನ್ನುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ತಂಗಿ, ನೀವು ಜಾಗದಲ್ಲಿ ತಪ್ಪಿಲ್ಲ, ಹೊತ್ತಿನಲ್ಲಿ ತಪ್ಪಿದ್ದೀರಿ. ಉಲ್ಕೆಗಳ ಮಳೆ ಜೋರಾಗುವ ಐದು ತಾಸು ಮೊದಲೇ ಮಾಳಿಗೆ ಹತ್ತಿದಿರಿ, ಅದು ಶುರುವಾಗುವ ಮುಂಚೆ ಇಳಿದುಬಿಟ್ಟಿರಿ. ಆ ಸುದ್ದಿಯಲ್ಲಿ 120 ಎಂದು ಬರೆದವರು ಯಾವ ಹೊತ್ತಿಗೆ ನೋಡಬೇಕು ಎಂದು ಬರೆದಿದ್ದರೆ ನಿಮ್ಮ ಮಕ್ಕಳಿಗೆ ಈ ಬೇಜಾರು ಆಗುತ್ತಿರಲಿಲ್ಲ. ಪ್ರತಿ ವರ್ಷ ಇದೇ ಆಗುತ್ತದೆ. ಜನ ಆಸೆಯಿಂದ ಹೊರಗೆ ಬರುತ್ತಾರೆ, ಅರ್ಧ ತಾಸು ಕುತ್ತಿಗೆ ನೋಯಿಸಿಕೊಂಡು ಒಳಗೆ ಹೋಗುತ್ತಾರೆ, ಇದೆಲ್ಲ ಸುಳ್ಳು ಅಂದುಕೊಳ್ಳುತ್ತಾರೆ. ಅದು ಸುಳ್ಳಲ್ಲ.

ಮೊದಲು ಈ ಮಳೆ ಯಾವುದು ಅಂತ ನೋಡೋಣ. ನೀವು ಒಕ್ಕಲು ಮನೆಯವರಾದರೆ ಇದರ ಚಿಕ್ಕಿಯ ಹೆಸರು ನಿಮಗೆ ಗೊತ್ತಿರುವುದೇ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ ಅಂತ ಮಳೆಗಳನ್ನು ಎಣಿಸುತ್ತೇವಲ್ಲ, ಆ ಹೆಸರುಗಳೆಲ್ಲ ಆಕಾಶದ ಚಿಕ್ಕಿಗಳವು. ಆಯಾ ಮಳೆಯ ದಿನಗಳಲ್ಲಿ ಸೂರ್ಯ ಆ ಚಿಕ್ಕಿ ಇರುವ ಕಡೆಗೇ ಇರುತ್ತಾನೆ. ಹಾಗಾಗಿ ಆಗ ಅದು ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳು ಕಳೆದರೆ ಸೂರ್ಯ ಎದುರು ಬದಿಗೆ ಹೋಗಿರುತ್ತಾನೆ. ಜುಲೈ ಮೊದಲ ವಾರದಲ್ಲಿ ಹಿಡಿಯುವ ಪುನರ್ವಸು ಮಳೆಯ ಚಿಕ್ಕಿಗಳು ಡಿಸೆಂಬರ್, ಜನವರಿಯಲ್ಲಿ ಹೆಚ್ಚುಕಡಿಮೆ ಇಡೀ ರಾತ್ರಿ ಕಾಣುತ್ತವೆ. ಎರಡು ಚಿಕ್ಕಿ, ಪಕ್ಕಪಕ್ಕ, ಅವಳಿ ಮಕ್ಕಳ ಹಾಗೆ. ಮಿಥುನ ರಾಶಿಯ ತಲೆಗಳು ಅವೇ. ಡಿಸೆಂಬರ್ ನಡುವಿನ ಉಲ್ಕೆಗಳು ಹೊರಟು ಬಂದಂತೆ ಕಾಣುವುದು ಅವುಗಳ ಪಕ್ಕದಿಂದ. ಅದಕ್ಕೇ ಇದಕ್ಕೆ ಜೆಮಿನಿಡ್ಸ್ ಅಂತ ಹೆಸರು, ಮಿಥುನದ ಉಲ್ಕಾವೃಷ್ಟಿ ಅಂದ ಹಾಗೆ. ನಾನು ಮಾತ್ರ ಇದನ್ನು ಪುನರ್ವಸುವಿನ ಎರಡನೇ ಮಳೆ ಅಂತಲೇ ಕರೆಯುತ್ತೇನೆ. ಮೊದಲನೆಯದು ತೊಗರಿಗೆ, ಎರಡನೆಯದು ಕಣ್ಣಿಗೆ.

ಈಗ ಆ 120ರ ಲೆಕ್ಕಕ್ಕೆ ಬರೋಣ. ಅದು ಸುಳ್ಳು ಸಂಖ್ಯೆ ಅಲ್ಲ, ಆದರೆ ಅದಕ್ಕೆ ಎರಡು ಷರತ್ತು ಇವೆ. ಉಲ್ಕೆಗಳು ಹೊರಡುವ ಜಾಗ ಸರಿಯಾಗಿ ನೆತ್ತಿಯ ಮೇಲೆ ಇರಬೇಕು. ಆಕಾಶ ಅಪ್ಪಟ ಕತ್ತಲಾಗಿ, ಬರಿಗಣ್ಣಿಗೆ ಕಾಣಬಹುದಾದ ತೀರಾ ಮಸುಕು ಚಿಕ್ಕಿಯೂ ಕಾಣಬೇಕು. ಆಗ ಒಬ್ಬ ಮನುಷ್ಯನಿಗೆ ಒಂದು ಗಂಟೆಯಲ್ಲಿ ಅಷ್ಟು ಕಾಣುತ್ತವೆ.

ನೀವು ಕೂತಾಗ ಹೇಗಿತ್ತು? ನಮ್ಮ ಕಡೆ ಡಿಸೆಂಬರ್ 14ರಂದು ಆ ಜಾಗ ಹುಟ್ಟುವುದೇ ರಾತ್ರಿ ಏಳೂವರೆ ಸುಮಾರಿಗೆ. ಒಂಬತ್ತಕ್ಕೆ ಅದು ಈಶಾನ್ಯ ದಿಕ್ಕಿಗೆ, ನೆಲದಿಂದ 17 ಡಿಗ್ರಿ ಅಷ್ಟೇ ಮೇಲೆ ಬಂದಿರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಅಂದರೆ ಎರಡು ಮುಷ್ಟಿಯೂ ಪೂರ್ತಿ ಇಲ್ಲ. ಕಲಬುರಗಿ ಬಿಸಿಲು ಗೊತ್ತಲ್ಲ ನಿಮಗೆ. ಹೊತ್ತು ಹುಟ್ಟಿದಾಗಿನ ಓರೆ ಬಿಸಿಲು ಸುಡುವುದಿಲ್ಲ, ನೆತ್ತಿಗೆ ಬಂದಾಗ ನಿಲ್ಲಲು ಆಗುವುದಿಲ್ಲ. ಸೂರ್ಯ ಅವನೇ, ಬೆಳಕು ಓರೆಯಾಗಿ ಬಿದ್ದಾಗ ಜಾಸ್ತಿ ನೆಲಕ್ಕೆ ಹಂಚಿಹೋಗುತ್ತದೆ ಅಷ್ಟೇ. ಉಲ್ಕೆಗಳೂ ಹಾಗೆಯೇ. 17 ಡಿಗ್ರಿಯಲ್ಲಿ 120ರ ಪಾಲು ಸುಮಾರು 36ಕ್ಕೆ ಇಳಿಯುತ್ತದೆ. ಇನ್ನು ಊರೊಳಗಿನ ಮಾಳಿಗೆ, ಕೆಳಗೆ ಬೀದಿದೀಪ ಉರಿಯುತ್ತಿದ್ದರೆ ಮಸುಕು ಉಲ್ಕೆಗಳೆಲ್ಲ ಹೋದವು. ಆರರಲ್ಲಿ ಒಂದು ಉಳಿಯುತ್ತದೆ ಅಂದುಕೊಳ್ಳಿ. ಅಂದರೆ ಗಂಟೆಗೆ ಆರು. ನಡುವೆ ಮಕ್ಕಳಿಗೆ ಸ್ವೆಟರ್ ಹಾಕಿದಿರಿ, ಫೋನ್ ನೋಡಿದಿರಿ, ಕೆಳಗಿಂದ ಯಾರೋ ಕರೆದರು. ಮೂರು ಕಂಡವು. ಲೆಕ್ಕ ಸರಿಯಾಗಿಯೇ ಇದೆ.

ಆದರೆ ಆ ಮೂರರಲ್ಲಿ ಉದ್ದಕ್ಕೆ ಹೋಯಿತು ಅಂದಿರಲ್ಲ, ಅದರ ಬಗ್ಗೆ ಮಕ್ಕಳಿಗೆ ಇವತ್ತೇ ಹೇಳಿ. ಅದು ಎಲ್ಲರಿಗೂ ಸಿಗುವುದಲ್ಲ. ಹೊರಡುವ ಜಾಗ ನೆಲಕ್ಕೆ ಹತ್ತಿರ ಇರುವಾಗ ಕೆಲವು ಕಣಗಳು ಗಾಳಿಯ ಮೇಲ್ಪದರವನ್ನು ಸವರಿಕೊಂಡು ಹೋಗುತ್ತವೆ, ಕೆರೆಯ ನೀರಿಗೆ ಚಪ್ಪಟೆ ಕಲ್ಲು ಓರೆಯಾಗಿ ಎಸೆದಾಗ ಹೋಗುವ ಹಾಗೆ. ಕೆಳಗೆ ಇಳಿಯದೆ ಉದ್ದಕ್ಕೆ ಓಡುವುದರಿಂದ ಹೊತ್ತು ತಗೊಂಡು, ನಿಧಾನವಾಗಿ, ಆಕಾಶದ ಈ ಅಂಚಿಂದ ಆ ಅಂಚಿನವರೆಗೆ ಕಾಣುತ್ತವೆ. ಇವು ಸಂಜೆಯ ಹೊತ್ತಿಗೆ ಮಾತ್ರ. ನಡುರಾತ್ರಿ ಎದ್ದು ಅರವತ್ತು ಉಲ್ಕೆ ನೋಡಿದವರಿಗೂ ಅಂಥದ್ದೊಂದು ಸಿಕ್ಕಿರುವುದಿಲ್ಲ. ಇಷ್ಟು ವರ್ಷ ನೋಡಿದ ನನಗೆ ಅಂಥವು ಬೆರಳೆಣಿಕೆಯಷ್ಟೇ ಸಿಕ್ಕಿವೆ. ಹಾಗಾಗಿ ಎಂಟೂವರೆಯಿಂದ ಹತ್ತರವರೆಗೆ ಕೂರುವುದು ವ್ಯರ್ಥ ಅಂತ ನಾನು ಹೇಳುವುದಿಲ್ಲ. ಕೂತು, ಊಟ ಮಾಡಿ, ಮಲಗಿ. ಒಂದೂವರೆಗೆ ಎದ್ದೇಳಿ.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಉಲ್ಕೆ ಹೊರಡುವ ಜಾಗ ಅತಿ ಎತ್ತರಕ್ಕೆ ಬರುವುದು ರಾತ್ರಿ ಎರಡೂಕಾಲರ ಸುಮಾರಿಗೆ. ಆಗ ಅದು 74 ಡಿಗ್ರಿ ಎತ್ತರದಲ್ಲಿ, ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲಿರುತ್ತದೆ. ಒಂದರಿಂದ ನಾಲ್ಕರವರೆಗೆ ಕತ್ತಲ ಹೊಲದಲ್ಲಿ ಮಲಗಿದರೆ ಗಂಟೆಗೆ ಐವತ್ತು, ಅರವತ್ತು ಕಾಣುವುದು ಸಾಧ್ಯ. ಅವೂ ಗಡಿಯಾರದ ಹಾಗೆ ನಿಮಿಷಕ್ಕೊಂದು ಬರುವುದಿಲ್ಲ. ಐದು ನಿಮಿಷ ಏನೂ ಇಲ್ಲ, ಆಮೇಲೆ ಉಸಿರು ಬಿಡುವುದರೊಳಗೆ ಮೂರು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟಿರಿ.

ಚಂದ್ರನ ವಿಚಾರಕ್ಕೆ ಪಂಚಾಂಗ ಸಾಕು. ಹುಣ್ಣಿಮೆ ಆಸುಪಾಸು ಇದ್ದರೆ ಅರ್ಧಕ್ಕಿಂತ ಜಾಸ್ತಿ ಉಲ್ಕೆ ಬೆಳದಿಂಗಳಲ್ಲಿ ಮುಳುಗುತ್ತವೆ. 2026ರಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಡಿಸೆಂಬರ್ 9ರ ಬೆಳಗಿನ ಜಾವಕ್ಕೆ ಅಮಾವಾಸ್ಯೆ ಮುಗಿಯುತ್ತದೆ. 14ರ ರಾತ್ರಿ ಎಳೆಯ ಚಂದ್ರ ಹನ್ನೊಂದರೊಳಗೆ ಮುಳುಗಿಬಿಡುತ್ತಾನೆ, ಆಮೇಲೆ ಬೆಳಗಿನವರೆಗೆ ಕತ್ತಲು. 13 ಮತ್ತು 14, ಎರಡೂ ರಾತ್ರಿ ನೋಡಿ. 2027ರಲ್ಲಿ ಡಿಸೆಂಬರ್ 13ಕ್ಕೇ ಹುಣ್ಣಿಮೆ, ಹಾಗಾಗಿ 2026ನ್ನು ಬಿಡಬೇಡಿ.

ಜಾಗ. ದೂರ ಹೋಗುವುದು ಬೇಡ, ನಿಮ್ಮ ಹೊಲವೇ ಸಾಕು. ಊರ ದೀಪಗಳು ಮರೆಯಾಗುವಷ್ಟು ಆಚೆ ಇದ್ದರೆ ಆಯಿತು. ಕತ್ತಲು ಸಾಕಾ ಅಂತ ತಿಳಿಯಲು ಕೃತ್ತಿಕೆಯನ್ನು ನೋಡಿ. ಹಣೆ ಮೇಲಿನ ಕುಂಕುಮದಷ್ಟು ಸಣ್ಣ ಗುಂಪು ಅದು. ಅದರಲ್ಲಿ ಆರು ಚಿಕ್ಕಿ ಬಿಡಿಬಿಡಿಯಾಗಿ ಎಣಿಸಲು ಬಂದರೆ ಪರವಾಗಿಲ್ಲ. ಏಳೆಂಟು ಕಂಡರೆ ಬಹಳ ಒಳ್ಳೆಯ ಜಾಗ. ಮೂರು, ನಾಲ್ಕೇ ಕಂಡರೆ ಇನ್ನೂ ಸ್ವಲ್ಪ ಆಚೆ ಹೋಗಿ. ನದಿ ದಂಡೆಗೆ ಮಾತ್ರ ಹೋಗಬೇಡಿ. ಡಿಸೆಂಬರ್‌ನಲ್ಲಿ ಭೀಮಾ ಮೇಲೆ ಎರಡು ಗಂಟೆ ಹೊತ್ತಿಗೆ ಮಂಜು ಕಟ್ಟುತ್ತದೆ, ಎಲ್ಲ ಮುಚ್ಚಿಹೋಗುತ್ತದೆ.

ಕಲಬುರಗಿ ನಗರದವರೂ ಇದನ್ನು ಓದುತ್ತಿರಬಹುದು. ನಿಮಗೆ ಆಳಂದ ಅಥವಾ ಚಿಂಚೋಳಿ ದಾರಿ ಒಳ್ಳೆಯದು. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳ ಬೆಳಕು ಇಡೀ ರಾತ್ರಿ ಇರುತ್ತದೆ. ಚಿಂಚೋಳಿ ವನ್ಯಧಾಮದ ಒಳಗೆ ಅನುಮತಿ ಇಲ್ಲದೆ ರಾತ್ರಿ ಕಾಲಿಡಬೇಡಿ, ಹೊರಗಿನ ಪರಿಚಿತರ ಹೊಲ ನೋಡಿಕೊಳ್ಳಿ. ಬೀದರ್ ಕಡೆಯವರಿಗೆ ಔರಾದ್ ತಾಲ್ಲೂಕಿನ ಬಯಲು, ಯಾದಗಿರಿಯವರಿಗೆ ಹುಣಸಗಿ, ಸುರಪುರದ ಗುಡ್ಡದ ಕಡೆ. ಬೀದರ್‌ನವರು ಕಂಬಳಿ ಒಂದು ಜಾಸ್ತಿ ಇಟ್ಟುಕೊಳ್ಳಿ, ಅಲ್ಲಿ ಚಳಿ 10 ಡಿಗ್ರಿಯ ಕೆಳಗೂ ಇಳಿಯುತ್ತದೆ.

ಹೊಲದಲ್ಲಿ ಒಂದು ಎಚ್ಚರಿಕೆ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಕಾಡುಹಂದಿ ಕಾಟಕ್ಕೆ ಕೆಲವರು ಹೊಲದ ಸುತ್ತ ತಂತಿ ಎಳೆದು ಕರೆಂಟ್ ಬಿಟ್ಟಿರುತ್ತಾರೆ. ಅದು ಕಾನೂನಿಗೆ ವಿರುದ್ಧ, ಆದರೂ ಮಾಡುತ್ತಾರೆ. ಕತ್ತಲಲ್ಲಿ ಆ ತಂತಿ ಕಾಣುವುದಿಲ್ಲ. ಹಾಗಾಗಿ ಬೇರೆಯವರ ಹೊಲ ದಾಟಿ ಹೋಗಬೇಡಿ. ಹಗಲಲ್ಲೇ ಹೋಗಿ ದಾರಿ, ಜಾಗ ನೋಡಿ ಬನ್ನಿ. ಅಕ್ಕಪಕ್ಕದ ಹೊಲದವರಿಗೆ ಹೇಳಿಡಿ. ಎರಡು ಗಂಟೆಗೆ ಹೊಲದಲ್ಲಿ ಬ್ಯಾಟರಿ ಬೆಳಕು ಆಡಿದರೆ ಕಳ್ಳರು ಅಂದುಕೊಂಡು ಕೋಲು ಹಿಡಿದು ಬರುತ್ತಾರೆ, ಅವರ ತಪ್ಪೇನಿಲ್ಲ. ನೆಲದ ಮೇಲೆ ಮಲಗಬೇಡಿ. ಹೊರಸು ಒಯ್ಯಿರಿ. ಮೇಲೆ ಕೌದಿ, ಕೌದಿಯ ಮೇಲೆ ತಾಡಪತ್ರಿ. ಇಬ್ಬನಿ ಎಷ್ಟು ಬೀಳುತ್ತದೆ ಅಂದರೆ ಮೂರು ಗಂಟೆಗೆ ತಾಡಪತ್ರಿಯ ಮಡಿಕೆಯಲ್ಲಿ ನೀರು ನಿಂತು, ಹೊರಳಿದರೆ ಕುತ್ತಿಗೆಗೆ ಹರಿಯುತ್ತದೆ.

ದುರ್ಬೀನು ಬೇಡ. ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ದುರ್ಬೀನಿನಲ್ಲಿ ಕಾಣುವುದು ಆಕಾಶದ ಒಂದು ಚೂರು, ಉಲ್ಕೆ ಬೀಳುವುದು ಎಲ್ಲಿ ಬೇಕಾದರೂ. ಬಾವಿಯೊಳಗೆ ಕೂತು ಜಾತ್ರೆ ನೋಡಿದಂತೆ ಆಗುತ್ತದೆ. ಉಪಕರಣ ಎಂದರೆ ಕಣ್ಣು, ಮತ್ತೆ ಆ ಕಣ್ಣಿಗೆ ಕತ್ತಲು ರೂಢಿಯಾಗಲು ಇಪ್ಪತ್ತರಿಂದ ಮೂವತ್ತು ನಿಮಿಷ. ಅಷ್ಟು ಹೊತ್ತು ಕತ್ತಲಲ್ಲಿ ಇದ್ದರೆ ಮೊದಲು ಕಾಣದ ಚಿಕ್ಕಿಗಳು ಒಂದೊಂದೇ ಎದ್ದು ಬರುತ್ತವೆ. ಒಂದು ಸಲ ಫೋನ್ ಪರದೆ ನೋಡಿದರೆ ಆ ಅರ್ಧ ತಾಸು ಹೋಯಿತು, ಮತ್ತೆ ಮೊದಲಿಂದ. ನಿಜ ಹೇಳಬೇಕೆಂದರೆ ಇವತ್ತು ಜನರಿಗೆ ಉಲ್ಕೆ ಕಾಣದಿರಲು ಮೋಡಕ್ಕಿಂತ ದೊಡ್ಡ ಕಾರಣ ಫೋನ್. ಬ್ಯಾಟರಿ ಬೇಕೇ ಬೇಕು, ಕಾಲ ಕೆಳಗೆ ನೋಡಲು. ಅದರ ಗಾಜಿಗೆ ಕೆಂಪು ಗಾಳಿಪಟದ ಹಾಳೆ ಎರಡು ಮಡಿಕೆ ಮಾಡಿ ರಬ್ಬರ್ ಹಾಕಿ. ಕೆಂಪು ಬೆಳಕು ಕಣ್ಣನ್ನು ಅಷ್ಟು ಕೆಡಿಸುವುದಿಲ್ಲ.

ಎತ್ತ ನೋಡಬೇಕು? ಪುನರ್ವಸುವನ್ನೇ ದಿಟ್ಟಿಸಬೇಡಿ. ಅಲ್ಲಿ ಹೊರಡುವ ಉಲ್ಕೆಗಳು ನಿಮ್ಮ ಕಡೆಗೇ ಬರುತ್ತಿರುತ್ತವೆ, ಗೆರೆ ಗಿಡ್ಡ ಕಾಣುತ್ತದೆ. ಅದರಿಂದ ನಾಲ್ಕೈದು ಮುಷ್ಟಿ ಆಚೆ, ಕತ್ತಲು ಜಾಸ್ತಿ ಇರುವ ಕಡೆ ಸುಮ್ನೆ ಕಣ್ಣು ಬಿಟ್ಟುಕೊಂಡಿರಿ. ಆದರೂ ಪುನರ್ವಸು ಎಲ್ಲಿದೆ ಅಂತ ಗೊತ್ತಿರಬೇಕು. ಸಂಜೆ ಮೂಡಣಕ್ಕೆ ಸಾಲಾಗಿ ಮೂರು ಚಿಕ್ಕಿ ಏಳುತ್ತವಲ್ಲ, ಅದರ ಒಂದು ಬದಿಗೆ ಕೆಂಪಗೆ ಇರುವುದು ಆರಿದ್ರಾ, ಇನ್ನೊಂದು ಬದಿಗೆ ಬೆಳ್ಳಗೆ ಹೊಳೆಯುವುದು ರಿಗೆಲ್. ರಿಗೆಲ್‌ನಿಂದ ಆರಿದ್ರಾಕ್ಕೆ ಗೆರೆ ಎಳೆದು ಹಾಗೇ ಮುಂದಕ್ಕೆ ಹೋದರೆ ಆ ಅವಳಿ ಚಿಕ್ಕಿಗಳು ಸಿಗುತ್ತವೆ. ಉಲ್ಕೆ ಕಂಡಾಗ ಅದರ ಗೆರೆಯನ್ನು ಮನಸ್ಸಿನಲ್ಲೇ ಹಿಂದಕ್ಕೆ ಎಳೆಯಿರಿ. ಅವಳಿಗಳ ಹತ್ತಿರ ಹೋಗಿ ಮುಟ್ಟಿದರೆ ಅದು ಈ ಮಳೆಯದು, ಇಲ್ಲದಿದ್ದರೆ ಬಿಡಿ ಉಲ್ಕೆ. ನಿಜದಲ್ಲಿ ಅವೆಲ್ಲ ಅಕ್ಕಪಕ್ಕ ಸಮನಾಗಿಯೇ ಬರುತ್ತಿರುತ್ತವೆ. ಹೊಲದ ಬದುವಿನ ಮೇಲೆ ನಿಂತು ಜೋಳದ ಸಾಲುಗಳನ್ನು ನೋಡಿದರೆ ದೂರದಲ್ಲಿ ಎಲ್ಲ ಸಾಲು ಒಂದೇ ಕಡೆ ಕೂಡಿದಂತೆ ಕಾಣುತ್ತವಲ್ಲ, ಅದೇ ಇಲ್ಲಿಯೂ.

ಮಕ್ಕಳು ನಿದ್ದೆ ಹೋಗದಂತೆ ಮಾಡಲು ನಮ್ಮಲ್ಲಿ ಒಂದು ಪದ್ಧತಿ ಇದೆ. ಕತ್ತಲಲ್ಲಿ ಬರೆಯಲು ಆಗುವುದಿಲ್ಲ, ಬಾಯಲ್ಲಿ ಎಣಿಸಿದರೆ ಮರೆಯುತ್ತದೆ. ಹಾಗಾಗಿ ಒಬ್ಬೊಬ್ಬರ ಮಗ್ಗುಲಿಗೆ ಎರಡು ಬಟ್ಟಲು ಇಡುತ್ತೇವೆ. ಒಂದರಲ್ಲಿ ತೊಗರಿ ಕಾಳು ಮತ್ತು ಕಡಲೆ ಕಾಳು, ಇನ್ನೊಂದು ಖಾಲಿ. ಉಲ್ಕೆ ಕಂಡರೆ ಒಂದು ತೊಗರಿ ಕಾಳು ಖಾಲಿ ಬಟ್ಟಲಿಗೆ. ಎಲ್ಲ ಚಿಕ್ಕಿಗಿಂತ ಜೋರಾಗಿ ಹೊಳೆದರೆ ಕಡಲೆ. ಬೆರಳಿಗೇ ಗೊತ್ತಾಗುತ್ತದೆ ಯಾವುದು ಯಾವುದು ಅಂತ, ಕಣ್ಣು ಆಕಾಶದಿಂದ ಇಳಿಯುವುದೇ ಇಲ್ಲ. ಚಿಂಚೋಳಿ ದಾರಿಯ ಗೆಳೆಯರ ಹೊಲದಲ್ಲಿ ಒಂದು ವರ್ಷ ಎಂಟು ವರ್ಷದ ಹುಡುಗಿಯೊಬ್ಬಳು ಎರಡರಿಂದ ಮೂರರವರೆಗೆ ಒಬ್ಬಳೇ ಐವತ್ತೆಂಟು ಕಾಳು ಹಾಕಿದ್ದಳು, ಅದರಲ್ಲಿ ನಾಲ್ಕು ಕಡಲೆ. ಪ್ರತಿ ಕಾಳಿಗೂ ಬಟ್ಟಲು ಟಣ್ ಅಂತಿತ್ತು. ಆ ಸದ್ದು ಕೇಳಿ ನಾವೆಲ್ಲ ತಲೆ ತಿರುಗಿಸುವಷ್ಟರಲ್ಲಿ ಉಲ್ಕೆ ಹೋಗಿರುತ್ತಿತ್ತು. ಗಂಟೆಗೊಂದು ಬಟ್ಟಲು ಬದಲಿಸಿ, ಬೆಳಿಗ್ಗೆ ಎಣಿಸಿ ಬರೆದಿಡಿ. ಇಂಥ ಎಣಿಕೆ ಆಟವಷ್ಟೇ ಅಲ್ಲ. ಅಂತಾರಾಷ್ಟ್ರೀಯ ಉಲ್ಕಾ ಸಂಘಟನೆ ಎಂಬುದಿದೆ, ಬರಿಗಣ್ಣಿನಿಂದ ನೋಡುವ ಸಾಮಾನ್ಯ ಜನರ ಎಣಿಕೆಗಳನ್ನೇ ಅದು ಸೇರಿಸಿ ಲೆಕ್ಕ ಹಾಕುತ್ತದೆ. ನಮ್ಮ ಭಾಗದಿಂದ ಇನ್ನೂ ಜಾಸ್ತಿ ಜನ ಬರೆದು ಕಳಿಸಲಿ ಅಂತ ನನಗೆ ಬಹಳ ಆಸೆ.

ಅಷ್ಟಕ್ಕೂ ಬೀಳುವುದು ಏನು? 1983ರಲ್ಲಿ ಐರಾಸ್ ಎಂಬ ಉಪಗ್ರಹದ ಚಿತ್ರಗಳಲ್ಲಿ ಒಂದು ಕ್ಷುದ್ರಗ್ರಹ ಸಿಕ್ಕಿತು, ಫೇಥಾನ್ ಅಂತ ಹೆಸರಿಟ್ಟರು. ಐದಾರು ಕಿಲೋಮೀಟರ್ ಅಗಲದ ಬಂಡೆ. ಅದು ಸೂರ್ಯನಿಂದ ಸುಮಾರು 2 ಕೋಟಿ ಕಿಲೋಮೀಟರ್‌ವರೆಗೆ, ಬುಧ ಗ್ರಹಕ್ಕಿಂತ ಎಷ್ಟೋ ಹತ್ತಿರ ಹೋಗಿ ಬರುತ್ತದೆ. ಹೆಚ್ಚಿನ ಉಲ್ಕಾವೃಷ್ಟಿಗಳು ಧೂಮಕೇತು ಬಿಟ್ಟುಹೋದ ಧೂಳಿನವು, ಇದು ಮಾತ್ರ ಇಂಥ ಬಂಡೆಯದು. ಅದು ಚೆಲ್ಲಿದ ಪುಡಿ ಅದರ ದಾರಿಯುದ್ದಕ್ಕೂ ಹರಡಿದೆ, ಡಿಸೆಂಬರ್‌ನಲ್ಲಿ ನಮ್ಮ ಭೂಮಿ ಆ ದಾರಿ ದಾಟುತ್ತದೆ. ಮರಳಿನ ಕಣದಿಂದ ಕಡಲೆ ಕಾಳಿನಷ್ಟು ಗಾತ್ರ. ವೇಗ ಸೆಕೆಂಡಿಗೆ 35 ಕಿಲೋಮೀಟರ್, ಅಂದರೆ ಕಲಬುರಗಿಯಿಂದ ಬೀದರ್‌ಗೆ ನೇರ ಗೆರೆಯಲ್ಲಿ ಮೂರು ಸೆಕೆಂಡ್ ಸಾಕು. ಆ ವೇಗಕ್ಕೆ ಮುಂದಿನ ಗಾಳಿ ಒತ್ತಿಕೊಂಡು ಕಾದು, ಸುಮಾರು ನೂರು ಕಿಲೋಮೀಟರ್ ಮೇಲೆಯೇ ಹೊಳೆದು ಕರಗಿಹೋಗುತ್ತದೆ. ಈ ಮಳೆಯ ಒಂದು ಕಾಳೂ ನಿಮ್ಮ ಮಾಳಿಗೆಗೆ ಬೀಳುವುದಿಲ್ಲ.

ಬೇರೆ ಮಳೆಗಳೂ ಇವೆ. ಆಗಸ್ಟ್ 12ರ ಪರ್ಸೀಡ್ಸ್ ಬಗ್ಗೆ ಊರೆಲ್ಲ ಮಾತಾಡುತ್ತಾರೆ, ನಮಗೆ ಆಗ ಮೋಡ. ಬಿಡುವು ಕೊಟ್ಟರೆ ನಡುರಾತ್ರಿ ಮೇಲೆ ಈಶಾನ್ಯಕ್ಕೆ ನೋಡಿ. ನವೆಂಬರ್ 17ರ ಲಿಯೋನಿಡ್ಸ್ ಮಾಮೂಲಿ ವರ್ಷಗಳಲ್ಲಿ ಗಂಟೆಗೆ ಹತ್ತು, ಹದಿನೈದು ಅಷ್ಟೇ. ನಮ್ಮವರು ಗಮನಿಸದೆ ಬಿಟ್ಟಿರುವುದು ಮೇ 5, 6ರದ್ದು. ಹ್ಯಾಲಿ ಧೂಮಕೇತುವಿನ ಧೂಳು ಅದು, 1986ರಲ್ಲಿ ಬಂದು ಹೋಯಿತಲ್ಲ, 2061ಕ್ಕೆ ಮತ್ತೆ ಬರುವುದು. ಸೆಕೆಗೆ ಹೇಗೂ ಆಗ ಎಲ್ಲರೂ ಮಾಳಿಗೆ ಮೇಲೇ ಮಲಗಿರುತ್ತೇವೆ. ಬೆಳಗಿನ ಮೂರೂವರೆಯಿಂದ ಐದರೊಳಗೆ ಕಣ್ಣು ಬಿಟ್ಟು ಮೂಡಣಕ್ಕೆ ನೋಡಿದರೆ ಸಾಕು, ಏಳುವುದೂ ಬೇಡ. ಬಹಳ ಚುರುಕು ಉಲ್ಕೆಗಳು, ಹೋದ ಮೇಲೂ ಕೆಲವಕ್ಕೆ ಹೊಗೆಯಂಥ ಗೆರೆ ಒಂದೆರಡು ಕ್ಷಣ ಉಳಿಯುತ್ತದೆ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರನ್ನು ತಿದ್ದಲು ಹೋಗಬೇಡಿ, ಜೊತೆಗೆ ಕರೆದುಕೊಂಡು ಹೋಗಿ. ಬಿದ್ದಿದ್ದು ಚಿಕ್ಕಿ ಅಲ್ಲ, ಕಾಳಿನಷ್ಟು ಪುಡಿ ಅಂತ ಮಕ್ಕಳೇ ಅಜ್ಜಿಗೆ ಹೇಳಲಿ. ಪರೀಕ್ಷೆಯೂ ಸುಲಭ. ಮೂರು ಚಿಕ್ಕಿ, ಆರಿದ್ರಾ, ರೋಹಿಣಿ, ಕೃತ್ತಿಕೆ ಎಲ್ಲ ಇವತ್ತು ತೋರಿಸಿ, ನಾಳೆ ರಾತ್ರಿ ಮತ್ತೆ ಎಣಿಸಲು ಹೇಳಿ. ಒಂದೂ ಕಡಿಮೆ ಆಗಿರುವುದಿಲ್ಲ. ಆದರೆ ಅವರ ಹತ್ತಿರ ಕೇಳಿಕೊಳ್ಳುವುದೂ ಇದೆ. ನಮ್ಮ ಅವ್ವನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಬೀಸಲು ಏಳುವ ಮೊದಲು ಅಂಗಳಕ್ಕೆ ಬಂದು ಮೂರು ಚಿಕ್ಕಿ ಎದುರು ಮನೆಯ ಗೋಡೆಗೆ ಎಷ್ಟು ಇಳಿದಿವೆ ಅಂತ ನೋಡುತ್ತಿದ್ದಳು. ಇನ್ನೂ ಹೊತ್ತಿದ್ದರೆ ಹೋಗಿ ಮಲಗುತ್ತಿದ್ದಳು, ಇಲ್ಲದಿದ್ದರೆ ಕಲ್ಲಿಗೆ ಜೋಳ ಹಾಕುತ್ತಿದ್ದಳು. ನಿಮ್ಮ ಅತ್ತೆಯವರ ಕಾಲದಲ್ಲೂ ಹೀಗೆ ನೋಡುತ್ತಿದ್ದರಾ ಅಂತ ಕೇಳಿ. ಹೌದು ಅಂದರೆ, ಡಿಸೆಂಬರ್ 14ರ ರಾತ್ರಿ ಒಂದೂವರೆಗೆ ನಿಮ್ಮನ್ನೆಲ್ಲ ಎಬ್ಬಿಸುವ ಕೆಲಸ ಅವರಿಗೇ ಕೊಡಿ, ಫೋನಿನ ಅಲಾರಾಂ ಬೇಡ.